ಇಸ್ತ್ರಿ ಮೇಜಿನ ಹೊಟ್ಟೆ ತುಂಬಿಸುವ ಸತ್ತೆವ್ವ

ಗೋಕಾಕದ ಓಣಿಗೆ ಹಾಲಿನವನು ಇನ್ನೂ ಬಂದಿಲ್ಲ. ತ್ರಿಶಲಾ ಅವರ ಹೊಲಿಗೆ ಕೋಣೆಯಲ್ಲಿ ಮಾತ್ರ ಆಗಲೇ ಸುತ್ತಿಗೆಯ ಸದ್ದು. ಮೂಡಲಗಿಯಿಂದ ಮೊದಲ ಬಸ್ಸಿಗೆ ಬಂದಿಳಿದ ಸತ್ತೆವ್ವ ಬೋರಲು ಹಾಕಿದ ಇಸ್ತ್ರಿ ಮೇಜಿನ ಹಲಗೆಯ ಮುಂದೆ ಕೂತು, ಬಟ್ಟೆಯನ್ನು ಬಿಗಿಯಾಗಿ ಎಳೆದು ಅಂಚಿಗೆ ಮೊಳೆ ಹೊಡೆಯುತ್ತಿದ್ದಾರೆ. ಒಂದು ಬದಿಯ ನಡುವಿಗೊಂದು, ಎದುರು ಬದಿಯ ನಡುವಿಗೊಂದು. ಮೂಲೆಗಳ ಸರದಿ ಕೊನೆಗೆ. "ಮೊದಲ ಮೂಲಿ ಹಿಡದ್ರ ನಡುವ ಸುಕ್ಕ ಬೀಳತೈತ್ರಿ," ಎನ್ನುತ್ತಾರೆ, ಬಾಯಲ್ಲಿದ್ದ ಮೊಳೆಗಳನ್ನು ಅಂಗೈಗೆ ತೆಗೆದುಕೊಂಡು.

ಗೋಡೆಯ ತುಂಬ ಬಿಳಿ ಕೋಟುಗಳು ತೂಗುತ್ತಿವೆ. ನರ್ಸಿಂಗ್ ಓದುವ ಹುಡುಗಿಯರವು. ಮಧ್ಯಾಹ್ನದೊಳಗೆ ಇಸ್ತ್ರಿಯಾಗಿ ಹೋಗಬೇಕು. ಕಳೆದ ವರ್ಷ ಇಂಥವೇ ಕೋಟುಗಳ ಬೆನ್ನಿಗೆ ಕಂದು ಕಲೆ ಹತ್ತಿತ್ತು. ಹತ್ತಿದ್ದು ಸತ್ತೆವ್ವ ಮಾಡಿಕೊಟ್ಟ ಇದೇ ಮೇಜಿನಿಂದ. ಅಂದು ಸತ್ತೆವ್ವ ಅವರಿಗೆ ಮುಚ್ಚಿದ ಈ ಮನೆಯ ಬಾಗಿಲು ಇಂದು ತೆರೆದಿದೆ. ಈ ಸಲವೂ ಎಡವಿದರೆ ಈ ಊರಲ್ಲಿ ಇನ್ನಾರೂ ಕರೆಯುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ಸತ್ತೆವ್ವ ಮೂಲತಃ ಕೌದಿ ಹೊಲಿಯುವವರು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಕೂಡಿಸುವ ಆ ವಿದ್ಯೆಯನ್ನು ಕಲಿಸಿದವರು ಅತ್ತೆ ಬಾಳವ್ವ. ಅವರ ಮನೆಯಲ್ಲೊಂದು ರೂಢಿ: ಕೊನೆಯ ತೇಪೆ ಹಾಕುವ ಮುನ್ನ ಒಳಗೊಂದು ಬೆಲ್ಲದ ಚೂರು ಇಡಬೇಕು. ಕೌದಿ ಹಸಿದ ಹೊಟ್ಟೆಯಲ್ಲಿ ಮನೆ ಬಿಡಬಾರದು. ಆದರೆ ಹುಲಿ, ನವಿಲಿನ ಚಿತ್ರದ ರಗ್ಗುಗಳು ಸಂತೆಗೆ ಬಂದ ಮೇಲೆ ಕೌದಿ ಕೇಳುವವರೇ ಕಡಿಮೆಯಾದರು. ಒಮ್ಮೆ ತ್ರಿಶಲಾ ಅವರ ಕೋಣೆಯಲ್ಲಿ ಮಡಚಿದ ಕೌದಿಯ ಮೇಲೆ ಇಸ್ತ್ರಿ ಮಾಡುವುದನ್ನು ಕಂಡರು. ಅದು ಜಾರುತ್ತಿತ್ತು, ಹೊಲಿಗೆಯ ಗೆರೆಗಳು ಅಂಗಿಯ ಮೇಲೆ ಮೂಡುತ್ತಿದ್ದವು. ಸತ್ತೆವ್ವ ಹಳೆಯ ಬಾಗಿಲೊಂದನ್ನು ತಂದು, ಮೇಲೆ ಎರಡು ಪದರ ಕಂಬಳಿ ಹಾಸಿ, ಅದರ ಮೇಲೆ ಒರಟು ಹತ್ತಿಯ ಮಾದರಪಾಟ ಬಟ್ಟೆ ಬಿಗಿದರು.

ಎಲ್ಲ ಸರಿಯಿತ್ತು, ರೂಢಿಯಂತೆ ಒಳಗಿಟ್ಟ ಬೆಲ್ಲ ಒಂದನ್ನು ಬಿಟ್ಟು. "ಕೈ ತಾನ ಇಟ್ಟಬಿಡ್ತ್ರಿ, ತಲೀನ ಕೇಳಲೇ ಇಲ್ಲ," ಎಂದು ಈಗ ನಗುತ್ತಾರೆ. ಇಸ್ತ್ರಿ ಪೆಟ್ಟಿಗೆಯ ಕಾವಿಗೆ ಬೆಲ್ಲ ಸುಮ್ಮನಿರುತ್ತದೆಯೇ? ಪಾಕವಾಗಿ ಉಕ್ಕಿ ಬಂತು. "ತ್ರಿಶಲಾ ಬಾಯಾರು ಬೈದ್ರು. ಬೈಯೋ ಕೆಲಸಾನ ಮಾಡಿದ್ನೆಲ್ಲ."

ತ್ರಿಶಲಾ ಬಟ್ಟೆ ಕಿತ್ತೆಸೆದು ಹಲಗೆಯನ್ನು ಮೂಲೆಗೆ ಒರಗಿಸಿದರು. ಸತ್ತೆವ್ವ ಹುಕ್ಕೇರಿಯ ಬಸ್ಸು ಹತ್ತಿದರು. ಸೋತು ಮನೆಯಲ್ಲಿ ಕೂರುವ ಜಾಯಮಾನ ಅವರದಲ್ಲ. ಹೊಸ ಬಟ್ಟೆಯ ಗಂಜಿ ಬಿಡುವವರೆಗೆ ಒಗೆಯುವುದು, ಸುಟ್ಟ ಹೊದಿಕೆ ಬಿಚ್ಚಿ ಕಂಬಳಿಯನ್ನು ಬಿಸಿಲಿಗೆ ಹಾಕುವುದು, ಮೇಲೆ ಅಂಗೈ ಆಡಿಸಿ ಉಬ್ಬುತಗ್ಗು ಹುಡುಕುವುದು, ಎಲ್ಲವೂ ಅಲ್ಲಿನ ದರ್ಜಿಗಳಿಗೆ ಮೇಜು ಮಾಡಿಕೊಡುತ್ತ ಕೈಗೆ ಹತ್ತಿತು. ಈಗ ಹುಕ್ಕೇರಿ, ಕಣಗಲಾದ ದರ್ಜಿಗಳು ಹೊದಿಕೆ ಬದಲಿಸಲು ಇವರ ದಾರಿ ಕಾಯುತ್ತಾರೆ. ರೂಢಿಯನ್ನೂ ಬಿಟ್ಟಿಲ್ಲ. ಕಾವು ತಾಗದಂತೆ ಹಲಗೆಯ ಅಡಿಗೆ ಒಂದು ಪುಟ್ಟ ಗಂಟು ಕಟ್ಟುತ್ತಾರೆ. ಅದರಲ್ಲಿ ಬೆಲ್ಲದ ಬದಲು ಚಿಟಿಕೆ ಜೋಳ. ಈ ಹೆಸರು ಗೋಕಾಕಕ್ಕೂ ಮುಟ್ಟಿದ್ದರಿಂದಲೇ ತ್ರಿಶಲಾ ಮತ್ತೆ ಕರೆಸಿದ್ದು.

ಇವತ್ತು ಮಾತ್ರ ಸತ್ತೆವ್ವ ಗಂಟು ಕಟ್ಟಿಲ್ಲ. ಈ ಮನೆಯಲ್ಲಿ ಆ ಸುದ್ದಿಯೇ ಬೇಡ ಎಂದು, ಮನಸ್ಸಿಗೆ ಕಸಿವಿಸಿಯಾದರೂ, ಸುಮ್ಮನಿದ್ದಾರೆ.

ಮೇಜು ಎದ್ದು ನಿಲ್ಲುತ್ತದೆ. ತ್ರಿಶಲಾ ತಾವೇ ಮೊದಲ ಕೋಟು ಹರಡಿ ಇಸ್ತ್ರಿ ಪೆಟ್ಟಿಗೆ ಒತ್ತುತ್ತಾರೆ. ಹೊಲಿಯುವವರು ಯಂತ್ರ ನಿಲ್ಲಿಸಿ ನೋಡುತ್ತಿದ್ದಾರೆ. ಕಾಲರ್ ಆಯಿತು, ತೋಳು ಆಯಿತು, ಬೆನ್ನೂ ಆಯಿತು. ಕೋಟನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಒಂದು ಕಲೆಯಿಲ್ಲ, ಒಂದು ಗೆರೆಯಿಲ್ಲ.

"ಹೊಸಾ ಕಾಗದ ಆಗೇತಿ ನೋಡ್ರಿ," ಎನ್ನುತ್ತಾಳೆ ಗುಂಡಿ ಹಚ್ಚುವ ಕಸ್ತೂರಿ. ಕೋಣೆಯೆಲ್ಲ ನಗು. ಸತ್ತೆವ್ವ ಸೆರಗು ಸರಿಪಡಿಸಿಕೊಂಡು ನೆಟ್ಟಗೆ ನಿಲ್ಲುತ್ತಾರೆ. ವರ್ಷದಿಂದ ಎದೆಯ ಮೇಲಿದ್ದ ಭಾರ ಇಳಿದಿದೆ, ಗೆದ್ದ ಖುಷಿಯನ್ನು ಅವರು ಮುಚ್ಚಿಡುವುದೂ ಇಲ್ಲ.

ತ್ರಿಶಲಾ ಬಗ್ಗಿ ಹಲಗೆಯ ಅಡಿಗೆ ಕೈಯಾಡಿಸುತ್ತಾರೆ. "ಹುಕ್ಕೇರಿ ಮೇಜಿಗೆಲ್ಲಾ ಉಣಿಸ್ತೀರಂತ. ನಮ್ಮದಷ್ಟ ಉಪಾಸ ಇರಬೇಕೇನ್ರಿ, ಸತ್ತೆವ್ವಕ್ಕಾ?" ಒಳಗೆ ಹೋಗಿ ಬಂದವರ ಕೈಯಲ್ಲಿ ಒಂದು ಬೆಲ್ಲದ ಚೂರು. "ಈ ಸಲ ಕೆಳಗ ಕಟ್ಟರಿ."

ಸತ್ತೆವ್ವ ಬೆಲ್ಲ ತೆಗೆದುಕೊಂಡು ನಿಧಾನವಾಗಿ ತಮ್ಮ ಬಾಯಿಗೆ ಹಾಕಿಕೊಳ್ಳುತ್ತಾರೆ.

"ಇದು ನನಗ ಇರ್ಲಿ, ಬಾಯಾರ. ಮೇಜಿಗೆ ಜ್ವಾಳ ಕೊಡ್ರಿ."