ಮುಲಾಮು ಹಚ್ಚಬಾರದ ಕೈ

ಸಂಕಪ್ಪನ ದೋಸೆಯನ್ನು ಹೊಗಳುವವರು ಅವನ ಕೈಯನ್ನೊಮ್ಮೆ ನೋಡಬೇಕು ಸ್ವಾಮಿ! ಉಡುಪಿ ಕಡೆಯಿಂದ ದೂರದ ಹಿಂದಿ ಸೀಮೆಗೆ ಬಂದು, ಲಕ್ಷ್ಮೀ ನಗರದ ಕೋಚಿಂಗ್ ಹುಡುಗರ ನಡುವೆ ಹೋಟೆಲು ತೆರೆದು, ಅರ್ಧ ಆಯುಸ್ಸನ್ನು ಕಾವಲಿಯ ಮುಂದೆ ಕಳೆದವನು. ಬೆರಳಿಂದ ಮೊಣಕೈವರೆಗೆ ಸುಟ್ಟ ಕಲೆಗಳು. ಈಗೀಗ ಬೆಳಗಾಗುವುದೆಂದರೇ ಅವನಿಗೆ ಬೇಸರ. ಸೌಟು ಹಿಡಿದರೆ ಸಾಕು, ಉರಿಗೆ ಕಣ್ಣಲ್ಲಿ ನೀರು.

ಮನೆಯಲ್ಲಿ ಮುಲಾಮಿಗೇನೂ ಬರವಿಲ್ಲ. ಆದರೆ ಕಾವಲಿಗೆ ನಿಲ್ಲುವವನು ಅದನ್ನು ಮುಟ್ಟುವಂತಿಲ್ಲ. ವಾಸನೆ ಹಿಟ್ಟಿಗೆ ಹತ್ತಿದರೆ ಗಿರಾಕಿ ತಟ್ಟೆ ತಳ್ಳಿ ಎದ್ದು ಹೋಗುತ್ತಾನೆ. ಬಾಗಿಲು ಎಳೆದ ಮೇಲೆಯೇ ಮುಲಾಮು. ಅಷ್ಟರಲ್ಲಿ ಬೊಬ್ಬೆ ಒಡೆದಿರುತ್ತದೆ. ಬೆಂಕಿಯಿಂದ ದೂರ ಇರದಿದ್ದರೆ ಬೆರಳು ಮಡಚಲಿಕ್ಕೂ ಆಗದು ಎಂದು ಡಾಕ್ಟರು ಹೇಳಿಯಾಗಿದೆ. ಹೆಂಡತಿ ನೀಲಾವತಿ, ಹೋಟೆಲಿನಲ್ಲೇ ಇರುವ ತನ್ನ ತಮ್ಮ ಲತೇಶನಿಗೆ ಕಾವಲಿ ಬಿಟ್ಟುಕೊಡಿ ಎಂದು ಬೇಡಿದಳು. ಕೇಳಬೇಕಲ್ಲ! ಜನ ಬರುವುದು ತನ್ನ ಕೈರುಚಿಗೆ ಎಂಬ ಹಟ. ಹುಟ್ಟುಗುಣ ಸುಟ್ಟರೂ ಹೋಗದು.

ಒಂದು ಬೆಳಿಗ್ಗೆ ಅವನು ಹೋಟೆಲಿಗೆ ಹೊರಡುವ ಮುಂಚೆ ಚಹಾ ಕುಡಿಯುತ್ತಿದ್ದಾಗ, ಕಾಲೇಜಿನಲ್ಲಿ ಹಿಂದಿ ಓದುವ ಮಗಳು ಜ್ಯೋತ್ಸ್ನಾ ಕೇಳಿದಳು.

"ಪಪ್ಪಾ, ಮುಲಾಮು ಎಲ್ಲಿಯ ಶಬ್ದ ಗೊತ್ತಾ?"

"ನಮ್ಮದೇ. ನನ್ನ ಅಮ್ಮ ಹೇಳ್ತಿದ್ದಳಲ್ಲ."

"ಅರೇ, ಇಲ್ಲಿಯವರು ಮರಹಮ್ ಅಂತಾರಲ್ಲ, ಅದೇ ಇದು. ಅರಬ್ಬಿಯದ್ದು. ಫಾರಸಿ ದಾಟಿ, ಹಿಂದಿಯಲ್ಲಿ ಮಲ್ಹಮ್, ಮರಾಠಿಯಲ್ಲಿ ಮಲಮ್ ಆಗಿ, ನಮ್ಮ ಹತ್ರ ಬರುವಾಗ ಮುಲಾಮು. ಅದಕ್ಕೂ ಹಿಂದೆ ಗ್ರೀಕಿನಲ್ಲಿತ್ತಂತೆ. ಮೆತ್ತಗೆ ಮಾಡುವಂಥದ್ದು ಅಂತ ಅರ್ಥ."

ಸಂಕಪ್ಪ ನಕ್ಕ. ನಗುವುದಕ್ಕೂ ತ್ರಾಣವಿರಲಿಲ್ಲ.

"ಅಷ್ಟು ದೂರದಿಂದ ಬಂದದ್ದಾ? ಪಾಪ, ಅದಕ್ಕೂ ಸುಸ್ತಾಗಿರ್ಬೇಕು."

ಗಂಡನ ಬಾಯಲ್ಲಿ ಸುಸ್ತು ಎಂಬ ಮಾತನ್ನು ನೀಲಾವತಿ ಈವರೆಗೆ ಕೇಳಿದವಳಲ್ಲ. ಲೋಟ ಬದಿಗಿಟ್ಟು ಡಬ್ಬಿ ತಂದಳು. ಅವನ ಬಲಗೈಯನ್ನು ಮಡಿಲಿಗೆಳೆದುಕೊಂಡು ದಪ್ಪಗೆ ಮುಲಾಮು ಬಳಿದಳು.

"ಏನು ಮಾಡ್ತಿ ಮಾರಾಯ್ತಿ! ಹೋಟೆಲಿಗೆ ಹೊತ್ತಾಯ್ತು. ಇದರ ವಾಸನೆ ಸೋಪಿಗೂ ಹೋಗುವುದಿಲ್ಲ!"

"ಗೊತ್ತುಂಟು. ಅದಕ್ಕೇ ಹಚ್ಚಿದ್ದು. ಲತೇಶನಿಗೆ ಫೋನ್ ಮಾಡ್ತೇನೆ, ಇನ್ನು ಕಾವಲಿ ಅವನದ್ದು."

ಸಂಕಪ್ಪ ಕೈ ಕೊಸರಿಕೊಳ್ಳಲು ಹೋದ. ಆಮೇಲೆ ಅವಳ ಮಡಿಲಲ್ಲೇ ಬಿಟ್ಟ.

"ಸಾಕಾಯ್ತು ನೀಲಾ," ಎಂದವನು ಮಗಳೆದುರೇ ಅತ್ತುಬಿಟ್ಟ. ನೀಲಾವತಿ ಡಬ್ಬಿ ಮುಚ್ಚಲು ಹೋದಾಗ, ಎಡಗೈಯನ್ನೂ ಮುಂದೆ ಚಾಚಿದ.