ತಾನೇ ತಾಯಿ ಎಂದ ಮರಿ

ಗಂಗಾಲಕ್ಷ್ಮಿ ಧರ್ಮಪುರಿಯ ಒಂದು ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ವಿಭಾಗದ ಉಪನ್ಯಾಸಕಿ. ಪಾಠ ಹೇಳುವುದು ತಮಿಳಿಗೆ ಇಂಗ್ಲಿಷ್ ಬೆರೆಸಿ, ಮನೆಯಲ್ಲಿ ಮಾತು ಕನ್ನಡ, ಸಿಟ್ಟು ಬಂದರೆ ಮೂರೂ ಒಟ್ಟಿಗೆ. ಪ್ರತಿ ವರ್ಷ ಆಪರೇಟಿಂಗ್ ಸಿಸ್ಟಂ ಪಾಠದಲ್ಲಿ ಒಂದು ವಾಕ್ಯ ಬರುತ್ತದೆ: ಫೋರ್ಕ್ ಎಂಬುದನ್ನು ಕರೆಯುವುದು ಒಂದು ಸಲ, ಅದು ಉತ್ತರ ಕೊಡುವುದು ಎರಡು ಸಲ. ಓಡುತ್ತಿರುವ ಒಂದು ಪ್ರೋಗ್ರಾಂ ತನ್ನ ಹಾಗೆಯೇ ಇರುವ ಇನ್ನೊಂದನ್ನು ಹುಟ್ಟಿಸಿಕೊಳ್ಳುವ ವಿದ್ಯೆ ಅದು. ಹುಡುಗ ಹುಡುಗಿಯರು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಅಂಕ ತೆಗೆಯುತ್ತಾರೆ, ಮರೆತುಬಿಡುತ್ತಾರೆ.

ಒಂದು ವರ್ಷ ಆ ವಾಕ್ಯವನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದವಳು ಅರ್ಧಕ್ಕೇ ನಿಂತುಬಿಟ್ಟಳು. ಒಂದು ಎರಡಾಗುತ್ತದೆ! ಎಲ್ಲಿ ಆಗುತ್ತದೆ? ಯಾವ ಸಾಲಿನಲ್ಲಿ? ತಾನು ಅದನ್ನು ಬಳಸಿದ್ದಾಳೆ, ನೂರಾರು ಮಂದಿಗೆ ಹೇಳಿಕೊಟ್ಟಿದ್ದಾಳೆ, ಆದರೆ ಆಗುವುದನ್ನು ಕಂಡಿಲ್ಲ. ಅವತ್ತು ಪಾಠ ಹೇಗೋ ಮುಗಿಸಿ ನೇರವಾಗಿ ಸ್ಟಾಫ್ ರೂಮಿಗೆ ಹೋಗಿ, ಪಕ್ಕದ ಮೇಜಿನ ಇಳಂಗೋ ಅವರಿಗೆ ಹೇಳಿದಳು.

“ಸಾರ್, ನಾನೇ ಒಂದು ಕರ್ನಲ್ ಬರೀತೀನಿ.”

ಇಳಂಗೋ ಹಾರ್ಡ್‌ವೇರ್ ಪಾಠ ಹೇಳುವವರು, ಊರು ಸೇಲಂ, ಮಾತು ತಮಿಳು. ಟೀ ಲೋಟ ಕೆಳಗಿಟ್ಟು ನಕ್ಕರು. ಆದರೆ ಅದು ಕುಹಕದ ನಗುವಲ್ಲ. “ಬರೆಯಿರಿ ಮೇಡಂ, ನಾನು ಮಷೀನ್ ಕೊಡಿಸುತ್ತೇನೆ” ಎಂದರು ತಮಿಳಿನಲ್ಲಿ. ಹೇಳಿದಂತೆಯೇ, ಲ್ಯಾಬಿನಿಂದ ಹೊರಹಾಕಿದ್ದ ಒಂದು ಹಳೆಯ ಕಂಪ್ಯೂಟರನ್ನು ಪ್ರಿನ್ಸಿಪಾಲರ ಒಪ್ಪಿಗೆ ಪಡೆದು, ಆಟೋದಲ್ಲಿ ಹಾಕಿಸಿಕೊಂಡು, ಅದಿಯಮಾನ್‌ಕೋಟೆಯ ಅವಳ ಮನೆಯವರೆಗೆ ತಾವೇ ಬಂದು ಇಳಿಸಿಹೋದರು.

ಗಂಡ ಶಿವಲಿಂಗಂ ಧರ್ಮಪುರಿ ಬಸ್‌ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಟೈಮ್‌ಕೀಪರ್. ಯಾವ ಬಸ್ಸು ಯಾವಾಗ ಒಳಗೆ ಬರಬೇಕು, ಯಾವಾಗ ಹೊರಡಬೇಕು ಎಂದು ಸೀಟಿ ಊದುವ ಕೆಲಸ. ಮನೆಗೆ ಬಂದರೆ ಹಾಲ್‌ನಲ್ಲಿ ದೊಡ್ಡದೊಂದು ಡಬ್ಬ ಗುಂಯ್ ಎನ್ನುತ್ತಿತ್ತು.

“ಏನ್ ಗಂಗಾ ಇದು? ಗಿರಣಿ ಮಡಗಿದ್ದೀಯಾ?”

“ಕರ್ನಲ್ ಬರೀತಿವ್ನಿ ಕಣ್ರೀ.”

“ಮಿಲ್ಟ್ರಿ ಕರ್ನಲ್ಲಾ?”

“ಅಲ್ಲ. ಕಂಪ್ಯೂಟರ್ ಒಳ್ಗೆ ನಿಮ್ ಅಂಗೇ ಒಬ್ರು ಟೈಮ್‌ಕೀಪರ್ ಇರ್ತಾರೆ. ಯಾವ ಪ್ರೋಗ್ರಾಂ ಈಗ ಓಡ್ಬೇಕು, ಯಾವ್ದು ಕಾಯ್ಬೇಕು, ಯಾವ್ದುಕ್ಕೆ ಎಷ್ಟು ಜಾಗ, ಎಲ್ಲಾ ಅವ್ರೇ ನೋಡ್ಕೊಳ್ಳೋದು. ಅವ್ರ ಎಸ್ರು ಕರ್ನಲ್.”

“ಅಪ್ಪಡಿಯಾ! ಅವ್ನಿಗೂ ಡ್ರೈವರ್‌ಗಳು ಬೈತಾರಾ?” ಎಂದು ಕೇಳಿ ಶಿವಲಿಂಗಂ ಕೈಕಾಲು ತೊಳೆಯಲು ಹೋದ.

ಕೆಲಸ ಶುರುವಾಯಿತು. ಲ್ಯಾಪ್‌ಟಾಪಿನಲ್ಲಿ ಬರೆಯುವುದು, ಪೆನ್‌ಡ್ರೈವಿಗೆ ತುಂಬುವುದು, ಹಳೆಯ ಮಷೀನಿಗೆ ಚುಚ್ಚಿ ಆನ್ ಮಾಡುವುದು. ಮೊದಲ ವಾರ ಕಪ್ಪು ಪರದೆ ಬಿಟ್ಟರೆ ಮತ್ತೇನೂ ಇಲ್ಲ. ಆಮೇಲೆ ಒಂದು ಬೆಳಿಗ್ಗೆ ಪರದೆಯ ಮೂಲೆಯಲ್ಲಿ ಒಂದೇ ಒಂದು ಬಿಳಿ ಅಕ್ಷರ ಮೂಡಿತು. ಅವಳು ದೋಸೆ ಹಂಚನ್ನು ಮರೆತು ಅದನ್ನೇ ನೋಡುತ್ತ ನಿಂತಳು. ಅವತ್ತು ಮನೆಯಲ್ಲಿ ಕರಿದೋಸೆ. ಬೇರೆ ಯಾವ ಕಂಪನಿಯ ಪ್ರೋಗ್ರಾಮೂ ಆ ಮಷೀನಿನಲ್ಲಿ ಇರಲಿಲ್ಲ. ಆ ಅಕ್ಷರವನ್ನು ಬರೆದದ್ದು ಅವಳು, ಬರೀ ಅವಳು. ಮುಂದೆ ಮಷೀನಿನೊಳಗಿನ ಗಡಿಯಾರದ ಮಿಡಿತ ಅವಳ ಕೈಗೆ ಬಂತು. ಪ್ರತಿ ಮಿಡಿತಕ್ಕೂ ಕರ್ನಲ್ ಎಚ್ಚೆತ್ತು, ಓಡುತ್ತಿರುವ ಪ್ರೋಗ್ರಾಮನ್ನು ತಡೆದು, ಮುಂದಿನದಕ್ಕೆ ಸರದಿ ಕೊಡಬೇಕು. ಆದರೆ ಸರದಿಯಲ್ಲಿ ಇದ್ದದ್ದು ಒಂದೇ ಪ್ರೋಗ್ರಾಂ. ಓಡುತ್ತಿರುವ ಪ್ರೋಗ್ರಾಮಿಗೆ ಪ್ರೋಸೆಸ್ ಎನ್ನುತ್ತಾರೆ. ಅವಳ ಲೋಕದಲ್ಲಿ ಆಗ ಒಂಟಿ ಪ್ರೋಸೆಸ್ ಮಾತ್ರ. ಅದರ ನಂಬರು 1.

ಇನ್ನು ಅದು ಎರಡಾಗಬೇಕು.

ತವರು ಮೇಚೇರಿಯ ಕಡೆ. ಅವ್ವ ಅಂಕಮ್ಮ ಈಗಲೂ ಕುರಿ ಸಾಕುತ್ತಾಳೆ. ಹೊಸ ಪ್ರೋಸೆಸ್ ಹುಟ್ಟಿಸುವ ಆಜ್ಞೆಗೆ ಏನು ಹೆಸರಿಡಲಿ ಎಂದು ಗಂಗಾಲಕ್ಷ್ಮಿ ಹೆಚ್ಚು ಯೋಚಿಸಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ‘ಮರಿ’ ಎಂದು ಬರೆದಳು. ಕರ್ನಲ್ ಬಳಿ ಪ್ರೋಗ್ರಾಮುಗಳು ಕೇಳಬಹುದಾದ ಕೆಲಸಗಳಿಗೆ ನಂಬರು ಕೊಟ್ಟಿದ್ದಳು: ಪರದೆಯ ಮೇಲೆ ಬರೆಯುವುದು ಒಂದನೆಯದು, ಮರಿ ಹಾಕಿಸುವುದು ಎರಡನೆಯದು.

ಮರಿ ಹಾಕಿಸುವಾಗ ಕರ್ನಲ್ ಮಾಡಬೇಕಾದದ್ದು ಅವಳಿಗೆ ಬಾಯಿಪಾಠ. ಪ್ರೋಸೆಸ್‌ಗಳ ಪಟ್ಟಿಯಲ್ಲಿ ಖಾಲಿ ಜಾಗ ಹುಡುಕಿ ಹೊಸ ನಂಬರು ಕೊಡಬೇಕು. ತಾಯಿಯ ನೆನಪಿನಲ್ಲಿರುವುದನ್ನೆಲ್ಲ ಮರಿಯ ಜಾಗಕ್ಕೆ ನಕಲು ಮಾಡಬೇಕು. ತಾಯಿ ಯಾವ ಸಾಲಿನಲ್ಲಿ ನಿಂತಿದ್ದಳೋ, ಅವಳ ಕೈಯಲ್ಲಿ ಆ ಗಳಿಗೆ ಯಾವ ಯಾವ ಸಂಖ್ಯೆಗಳಿದ್ದವೋ, ಅದೆಲ್ಲವೂ ಇದ್ದ ಹಾಗೇ ಮರಿಗೂ ಬರಬೇಕು. ಕೊನೆಗೆ ಮರಿಯನ್ನು ಸರದಿಯ ಸಾಲಿಗೆ ಸೇರಿಸಬೇಕು. ಇಷ್ಟಾದರೆ ಮರಿ ಹೊಸದಾಗಿ ಶುರುವಾಗುವುದಿಲ್ಲ. ತಾಯಿ ನಿಂತ ಸಾಲಿನಿಂದಲೇ ನಡೆಯತೊಡಗುತ್ತದೆ. ತಾಯಿಗೆ ಕರ್ನಲ್ ಕೊಡುವ ಉತ್ತರ ಮರಿಯ ನಂಬರು. ಮರಿಗೆ ಕೊಡುವ ಉತ್ತರ ಸೊನ್ನೆ. ಸೊನ್ನೆ ಸಿಕ್ಕವರು ತಾವು ಮರಿ ಎಂದು ತಿಳಿದುಕೊಳ್ಳುತ್ತಾರೆ.

ಪರೀಕ್ಷೆಗೆಂದು ಪುಟ್ಟ ಪ್ರೋಗ್ರಾಂ ಬರೆದಳು. ಉತ್ತರ ಸೊನ್ನೆಯಾದರೆ ‘ಮರಿ’ ಎಂದು ಬರೆ, ಇಲ್ಲದಿದ್ದರೆ ‘ತಾಯಿ’ ಎಂದೂ ಅದರ ಮುಂದೆ ಉತ್ತರವಾಗಿ ಬಂದ ನಂಬರನ್ನೂ ಬರೆ, ಬರೆಯುತ್ತಲೇ ಇರು.

ಪರದೆ ತುಂಬಿತು. ತಾಯಿ 2, ತಾಯಿ 2, ತಾಯಿ 2. ಮೇಲಿಂದ ಕೆಳಗೆ ತಾಯಿಯೇ. ಒಂದು ಸಾಲಿನಲ್ಲೂ ಮರಿ ಇಲ್ಲ.

ತಾಯಿಗೆ ಎರಡನೆಯ ನಂಬರಿನ ಮರಿ ಹುಟ್ಟಿದೆಯೆಂಬ ಉತ್ತರವೇನೋ ಬಂದಿದೆ, ಆದರೆ ಮರಿ ಬಾಯಿ ಬಿಟ್ಟಿಲ್ಲ. ಅದಕ್ಕೆ ಸರದಿ ಸಿಗುತ್ತಿಲ್ಲ ಎಂದು ಅವಳು ತೀರ್ಮಾನಿಸಿದಳು. ಸರದಿ ಕೊಡುವ ಭಾಗವನ್ನು ಬಿಚ್ಚಿದಳು, ಮತ್ತೆ ಬರೆದಳು. ತಾಯಿ 2. ಇಳಂಗೋ ಅವರ ಜೊತೆ ಕೂತು ಗಡಿಯಾರದ ಭಾಗ ನೋಡಿದಳು. ಅದು ಸರಿಯಾಗಿಯೇ ಇತ್ತು. ತಾಯಿ 2. ವಾರಗಳು ಹೀಗೇ ಹೋದವು. ಅಂಕಮ್ಮ ಫೋನಿನಲ್ಲಿ ಕೇಳುವಳು:

“ಏನ್ ಕಣ್ಣು, ನಿನ್ ಮಿಷಿನ್ ಮರಿ ಆಕ್ತಾ?”

“ಇಲ್ಲ ಕಣವ್ವ.”

“ಗಬ್ಬ ನಿಂತೈತಾ ನೋಡ್ದಾ ಮೊದ್ಲು?”

“ನಿಂತೈತೆ ಅಂತ ಅದೇ ಯೋಳ್ತೈತೆ!”

ಅಂಕಮ್ಮ ಬಿದ್ದು ಬಿದ್ದು ನಗುವಳು. ಗಂಗಾಲಕ್ಷ್ಮಿಗೆ ನಗು ಬರುತ್ತಿರಲಿಲ್ಲ. ಆದರೂ ಬೆಳಿಗ್ಗೆ ಎದ್ದರೆ ಕೈ ತಾನಾಗಿ ಆ ಸ್ವಿಚ್ಚಿಗೆ ಹೋಗುತ್ತಿತ್ತು.

ಒಂದು ಭಾನುವಾರ ಶಿವಲಿಂಗಂಗೆ ರಜೆ. ತಿಂಡಿ ತಟ್ಟೆ ಹಿಡಿದುಕೊಂಡು ಅವಳ ಹಿಂದೆ ಬಂದು ನಿಂತ. ಪರದೆಯ ಮೇಲೆ ತಾಯಂದಿರ ಸಾಲು ಹರಿಯುತ್ತಿತ್ತು.

“ಇನ್ನೂ ಇವ್ಳೇನಾ ಕೂಗ್ತಿರೋದು?”

“ಊಂ. ಮರಿಗೆ ಸರದೀನೇ ಸಿಗ್ತಿಲ್ಲ.”

ಅವನು ಇಡ್ಲಿ ಮುರಿದು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ನೋಡಿದ. “ಇಷ್ಟೂ ಒಬ್ಳೇ ಯೋಳ್ತಿರೋದು ಅಂತ ನಿಂಗೆ ಎಂಗೆ ಗೊತ್ತು?”

“ಅಂಗಂದ್ರೆ?”

“ಸ್ಟ್ಯಾಂಡಲ್ಲಿ ಒಂದೇ ಬೋರ್ಡ್ ಆಕ್ಕೊಂಡು ಎರಡು ವಂಡಿ ಬರ್ತಾವೆ. ಎರಡೂ ಸೇಲಂ ಅಂತಾನೇ ಕೂಗ್ತಾವೆ. ನಂಬರ್ ಪ್ಲೇಟ್ ನೋಡಿದ್ರೆ ತಾನೆ ಬೇರೆ ಬೇರೆ ಅಂತ ಗೊತ್ತಾಗೋದು? ಇವ್ಳ ನಂಬರ್ ಕೇಳ್ದಾ ನೀನು?”

ಗಂಗಾಲಕ್ಷ್ಮಿ ತಿರುಗಿ ಅವನನ್ನು ನೋಡಿದಳು. ಕೇಳಿರಲಿಲ್ಲ. ಬರೆಯುವವರ ಸ್ವಂತ ನಂಬರನ್ನು ಅವಳು ಒಂದು ದಿನವೂ ಕೇಳಿರಲಿಲ್ಲ! ಲ್ಯಾಪ್‌ಟಾಪ್ ಎಳೆದುಕೊಂಡಳು. ಯಾವ ಪ್ರೋಸೆಸ್ ಬರೆಯುತ್ತಿದೆಯೋ ಅದರ ನಂಬರನ್ನು ಕರ್ನಲ್ಲೇ ಸಾಲಿನ ಮೊದಲಲ್ಲಿ ಸೇರಿಸುವಂತೆ ಮಾಡಿದಳು. ಪೆನ್‌ಡ್ರೈವ್ ಕಿತ್ತು ಹಳೆಯ ಮಷೀನಿಗೆ ತಂದಳು. ಉಲ್ಟಾ ಚುಚ್ಚಿ, ಬೈದುಕೊಂಡು, ತಿರುಗಿಸಿ ಚುಚ್ಚಿದಳು. ಪರದೆ ಬೆಳಗಿತು.

1: ತಾಯಿ 2
2: ತಾಯಿ 2
1: ತಾಯಿ 2
2: ತಾಯಿ 2

ಅವಳು ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದಳು.

“ಹುಟ್ಟೈತೆ! ರೀ, ಹುಟ್ಟೈತೆ! ಮೊದ್ಲ ದಿನಾನೇ ಹುಟ್ಟೈತೆ! ನೋಡ್ರಿ ಇಲ್ಲಿ, ಎರಡು, ಎರಡನೇದು ಇದೇ ಮರಿ! ಇದೂ ತಾನೇ ತಾಯಿ ಅಂತ ಕೂಗ್ತೈತೆ!”

“ಮರಿ ಯಾಕೆ ತಾಯಿ ಅಂತೈತೆ?”

“ಅದುಕ್ಕೆ ಗೊತ್ತಿಲ್ಲ ಕಣ್ರೀ! ಅದುಕ್ಕೆ ಯಾರೂ ಯೋಳಿಲ್ಲ! ನಾನೇ ಯೋಳಿಲ್ಲ!”

ಹೇಳುತ್ತಿದ್ದಂತೆಯೇ ಕಾರಣವೂ ಅವಳಿಗೆ ಕಂಡಿತು. ಪ್ರೋಗ್ರಾಂ ಕರ್ನಲ್ ಬಳಿ ಏನಾದರೂ ಕೇಳುವಾಗ ಕೆಲಸದ ನಂಬರನ್ನು ಒಂದು ಗೊತ್ತಾದ ಜಾಗದಲ್ಲಿ ಇಟ್ಟು ಕರೆಯುತ್ತದೆ. ಕರ್ನಲ್ ಉತ್ತರವನ್ನೂ ಅದೇ ಜಾಗದಲ್ಲಿ ಇಟ್ಟು ಮರಳಿಸುತ್ತದೆ. ಮರಿ ಹಾಕಿಸುವ ಕೆಲಸದ ನಂಬರು ಎರಡು. ತಾಯಿಯದೆಲ್ಲವನ್ನೂ ಇದ್ದ ಹಾಗೇ ನಕಲು ಮಾಡಿದಾಗ ಆ ಎರಡೂ ನಕಲಾಯಿತು. ತಾಯಿಯ ಜಾಗದಲ್ಲಿ ಅವಳ ಕರ್ನಲ್ ಮರಿಯ ನಂಬರನ್ನು ಬರೆಯಿತು. ಆ ನಂಬರೂ ಎರಡು. ಮರಿಯ ಜಾಗದಲ್ಲಿ ಮಾತ್ರ ಸೊನ್ನೆ ಬರೆಯುವುದನ್ನು ಅವಳು ಮರೆತಿದ್ದಳು. ಮರಿ ಕಣ್ಣು ಬಿಟ್ಟು ನೋಡಿದರೆ ಅದರ ಕೈಯಲ್ಲೂ ಎರಡು. ಸೊನ್ನೆಯಲ್ಲ, ಹಾಗಾದರೆ ನಾನೇ ತಾಯಿ ಎಂದುಕೊಂಡಿತು. ಬೇರೆ ಯಾವ ನಂಬರು ಬಂದಿದ್ದರೂ ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು. ಎರಡೂ ಎರಡೇ ಆಗಿ ಇಷ್ಟು ವಾರ ಅವಳನ್ನು ಆಟವಾಡಿಸಿತ್ತು.

ಸೇರಿಸಬೇಕಾದದ್ದು ಒಂದೇ ಸಾಲು. ಸೇರಿಸಿದಳು. ಶಿವಲಿಂಗಂ ತಟ್ಟೆ ಎಲ್ಲಿಟ್ಟನೋ, ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದ.

1: ತಾಯಿ 2
2: ಮರಿ
1: ತಾಯಿ 2
2: ಮರಿ

“ಸೂಪರ್!” ಎಂದು ಕೂಗಿದವನು ಅವನು. ಬಸ್ಸು ಹೊರಡಿಸುವಾಗ ಊದುವ ಸೀಟಿಯನ್ನು ಶರ್ಟಿನ ಜೇಬಿನಿಂದ ತೆಗೆದು ಹಾಲ್‌ನಲ್ಲೇ ಜೋರಾಗಿ ಊದಿದ. ಎದುರು ಮನೆಯವರು ಬಾಗಿಲಿಗೆ ಬಂದು ನೋಡಿದರು. ಗಂಗಾಲಕ್ಷ್ಮಿ ಆಗಲೇ ಫೋನ್ ಕಿವಿಗಿಟ್ಟಿದ್ದಳು.

“ಅವ್ವ! ಮರಿ ಆಕ್ತು!”

“ಗಂಡಾ ಎಣ್ಣಾ ಕಣ್ಣು?” ಎಂದು ಅಂಕಮ್ಮ ಅತ್ತ ಕಡೆಯಿಂದ ಗಂಭೀರವಾಗಿಯೇ ಕೇಳಿದಳು.

ಸೋಮವಾರ ಆ ಡಬ್ಬ ಮತ್ತೆ ಆಟೋ ಹತ್ತಿ ಕಾಲೇಜಿಗೆ ಬಂತು. ಇಳಂಗೋ ಪರದೆಯ ಮುಂದೆ ಕೂತು, ಆಫ್ ಮಾಡಿ ಆನ್ ಮಾಡಿ ಆಫ್ ಮಾಡಿ ಆನ್ ಮಾಡಿ ನೋಡಿದರು. “ತಾಯಿ ಅರ್ಥವಾಯಿತು, ನಮಗೂ ಅದೇ ಮಾತು. ಮರಿ ಎಂದರೆ?” ಎಂದರು. ಕುರಿಮರಿ ಎಂದು ತಿಳಿದಾಗ ಅವರು ನಕ್ಕ ನಗು ಸ್ಟಾಫ್ ರೂಮಿನ ಆಚೆಗೂ ಕೇಳಿಸಿತು.

ಗಂಗಾಲಕ್ಷ್ಮಿಗೆ ನಿಲ್ಲುವ ಮನಸ್ಸಿರಲಿಲ್ಲ. ಇನ್ನು ಥ್ರೆಡ್ ಆಗಬೇಕು. ಮರಿ ಹುಟ್ಟಿಸಿದರೆ ಅದಕ್ಕೆ ಬೇರೆ ಮನೆ. ಥ್ರೆಡ್ ಹುಟ್ಟಿಸಿದರೆ ಅದೇ ಮನೆಯಲ್ಲಿ ಇನ್ನೊಂದು ಜೊತೆ ಕೈ. ನೆನಪನ್ನು ನಕಲು ಮಾಡುವುದಿಲ್ಲ, ಇಬ್ಬರೂ ಒಂದನ್ನೇ ಬಳಸುತ್ತಾರೆ. ಆದರೆ ತಾನು ಎಲ್ಲಿದ್ದೆ, ಎಲ್ಲಿಗೆ ಮರಳಬೇಕು ಎಂದು ಗುರುತಿಟ್ಟುಕೊಳ್ಳುವ ಸ್ಟ್ಯಾಕ್ ಎಂಬ ಜಾಗ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಇರಬೇಕು. ಆತುರದಲ್ಲಿ ಮೊದಲ ಸಲ ಇಬ್ಬರಿಗೂ ಒಂದೇ ಸ್ಟ್ಯಾಕ್ ಕೊಟ್ಟಳು. ಒಬ್ಬನ ಗುರುತಿನ ಮೇಲೆ ಇನ್ನೊಬ್ಬ ಬರೆದು, ಮಷೀನು ಪಟಕ್ಕೆಂದು ನಿಂತು ಮೊದಲಿನಿಂದ ಶುರುವಾಯಿತು. ಈ ಸಲ ಅವಳಿಗೆ ಬೇಸರವಾಗಲಿಲ್ಲ. ಎಲ್ಲಿ ನೋಡಬೇಕೆಂದು ಗೊತ್ತಿತ್ತು. ಬೇರೆ ಸ್ಟ್ಯಾಕ್ ಕೊಟ್ಟಳು. ನಡೆಯಿತು.

ಆ ವಾರದ ಪಾಠಕ್ಕೆ ಅವಳು ಬೋರ್ಡಿನ ಹತ್ತಿರ ಹೋಗಲೇ ಇಲ್ಲ. ಮೇಜಿನ ಮೇಲೆ ಹಳೆಯ ಮಷೀನು, ಸುತ್ತ ಇಡೀ ತರಗತಿ, ಕೆಲವರು ಬೆಂಚಿನ ಮೇಲೆ. ತಾಯಿಯ ನೆನಪಿನಲ್ಲಿ ಒಂದು ಸಂಖ್ಯೆ ಇಟ್ಟಳು, ಹತ್ತು. ಮರಿ ಹುಟ್ಟಿಸಿ, ಮರಿಯ ಕೈಯಿಂದ ಅದನ್ನು ತೊಂಬತ್ತೊಂಬತ್ತು ಮಾಡಿಸಿದಳು.

“ತಾಯಿ ಹತ್ತಿರ ಈಗ ಎಷ್ಟಿದೆ?” ಎಂದು ತಮಿಳಿನಲ್ಲಿ ಕೇಳಿದಳು.

ಅರ್ಧ ಜನ ತೊಂಬತ್ತೊಂಬತ್ತು ಎಂದರು, ಅರ್ಧ ಜನ ಹತ್ತು ಎಂದರು. ಪರದೆಯಲ್ಲಿ ಹತ್ತು. ಗೆದ್ದವರು ಕಿರುಚಿದರು. ಆಮೇಲೆ ಅದೇ ಕೆಲಸವನ್ನು ಥ್ರೆಡ್‌ನಲ್ಲಿ ಮಾಡಿಸಿದಳು. ತೊಂಬತ್ತೊಂಬತ್ತು! ಸೋತವರು ಈಗ ಬೆಂಚು ಕುಟ್ಟಿದರು. ಸುಗನ್ಯಾ ಎಂಬ ವಿದ್ಯಾರ್ಥಿನಿ, ಮರಿಗಳೂ ಮರಿ ಹಾಕುತ್ತ ಹೋದರೆ ಏನಾಗುತ್ತದೆ ಮಿಸ್ ಎಂದು ಕೇಳಿದಳು. ಮಾಡಿ ನೋಡೇಬಿಡೋಣ ಎಂದಳು ಗಂಗಾಲಕ್ಷ್ಮಿ. ಪರದೆಯ ಮೇಲೆ ನಂಬರುಗಳು ಏರಿದವು, ಏರಿದವು, ಪಟ್ಟಿ ತುಂಬಿತು, ಕರ್ನಲ್ ‘ಜಾಗ ಇಲ್ಲ’ ಎಂದು ಬರೆದು ಹೊಸ ಮರಿಯನ್ನು ನಿರಾಕರಿಸಿತು. ಮಷೀನು ಮಾತ್ರ ಬೀಳಲಿಲ್ಲ. ಅವಳಿಗೇ ಅದನ್ನು ನಂಬಲಾಗಲಿಲ್ಲ. ಇನ್ನೊಂದು ಸಲ ಎಂದು ತರಗತಿ ಕೂಗಿತು. ಗಂಟೆ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ.

ಸಂಜೆ ಬಸ್‌ಸ್ಟ್ಯಾಂಡಿನವರೆಗೆ ಇಳಂಗೋ ಜೊತೆಯಲ್ಲಿ ಬಂದರು. ಅವರೂ ಸೇಲಂ ಬಸ್ಸು ಹತ್ತುವವರೇ, ಆದರೆ ಅವತ್ತು ಪೇಟೆಯಲ್ಲಿ ಕೆಲಸವಿತ್ತು. “ಮೇಡಂ, ಒಂದು ಮಾತು. ತಾಯಿಯದನ್ನೆಲ್ಲ ಹುಟ್ಟಿದ ಕೂಡಲೇ ನಕಲು ಮಾಡುತ್ತೀರಿ. ದೊಡ್ಡ ಕರ್ನಲ್‌ಗಳು ಹಾಗೆ ಮಾಡುವುದಿಲ್ಲವಲ್ಲ. ಇಬ್ಬರಿಗೂ ಒಂದನ್ನೇ ತೋರಿಸಿ, ಯಾರಾದರೂ ಬರೆಯಹೋದಾಗ ನೆನಪಿನ ಆ ಪುಟವನ್ನಷ್ಟೇ ನಕಲು ಮಾಡುತ್ತವೆ. ನಿಮ್ಮದರಲ್ಲಿ ಆಗುತ್ತದೆಯೇ?” ಎಂದರು.

ಪುಸ್ತಕದಲ್ಲಿ ಓದಿದ ವಿಷಯವೇ, ಪಾಠ ಹೇಳಿದ ವಿಷಯವೇ. ಆದರೆ ಈಗ ಅದು ಮಾಡಿ ನೋಡಬಹುದಾದ ವಿಷಯ. ಗಂಗಾಲಕ್ಷ್ಮಿ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತು ಯೋಚಿಸತೊಡಗಿದಳು. ಪುಟಗಳಿಗೆಲ್ಲ ಬರೆಯಬಾರದೆಂದು ಗುರುತು ಹಾಕಬೇಕು. ಬರೆಯಹೋದವರನ್ನು ಮಷೀನೇ ತಡೆಯುತ್ತದೆ. ತಡೆದಾಗ ಕರ್ನಲ್‌ಗೆ ಕರೆ ಬರುತ್ತದೆ. ಆಗ ನೋಡಿ, ಆಗ ನಕಲು ಮಾಡಿ, ಗುರುತು ತೆಗೆದು ಬಿಟ್ಟರೆ...

ಕಂಡಕ್ಟರ್ ಕೂಗಿದ್ದು ಕೇಳಿ ತಲೆಯೆತ್ತಿದರೆ ನಲ್ಲಂಪಳ್ಳಿ. ಅವಳು ಇಳಿಯಬೇಕಿದ್ದ ಅದಿಯಮಾನ್‌ಕೋಟೆ ಹಿಂದೆ ಹೋಗಿ ಎಷ್ಟು ಹೊತ್ತಾಗಿತ್ತೋ. ಇಳಿದು ರಸ್ತೆ ಬದಿಯಲ್ಲಿ ನಿಂತು ಗಂಡನಿಗೆ ಫೋನ್ ಮಾಡಿದಳು.

“ನಲ್ಲಂಪಳ್ಳೀಲಿ ಇವ್ನಿ, ಗಾಡಿ ತತ್ತೀರಾ?”

“ಅಲ್ಲಿ ಯಾಕ್ ಓದೆ?”

“ಬನ್ರಿ ಬೇಗ, ಯೋಳ್ತೀನಿ. ನಕಲೇ ಮಾಡ್ದೆ ಮರಿ ಆಕಿಸ್ಬೋದು ಕಣ್ರೀ!”