ಹದಿನಾಲ್ಕು ವರ್ಷದ ಕಾರಿನ ಗೂಂ

ನನ್ನ ಕಾರಿಗೆ ಹದಿನಾಲ್ಕು ವರ್ಷ. ಆ ವಯಸ್ಸಿಗೆ ಒಂದಿಷ್ಟು ಸದ್ದು ಸಹಜ, ಆದರೆ ಈ ಸದ್ದು ಬೇರೆ. ಸಂಕ್ರಾಂತಿಗೆ ಕಾರನ್ನು ಮನೆಯಲ್ಲೇ ಬಿಟ್ಟು ಬಸ್ಸಿನಲ್ಲಿ ತವರಿಗೆ ಹೋಗಿದ್ದೆ. ನಾಲ್ಕು ದಿನ ಇದ್ದು ಬಂದು ಸೋಮವಾರ ಸ್ಕೂಲಿಗೆ ಹೊರಟರೆ, ಸ್ಪೀಡು ನಲವತ್ತು ದಾಟಿದ ಕೂಡಲೇ ಕಾಲ ಕೆಳಗೆ ಗೂಂ ಅನ್ನತೊಡಗಿತು. ಗುಂಡಿಗೆ ಇಳಿದರೆ ಕಟಕಟ. ಮಧುಗಿರಿ ಮುಟ್ಟುವಷ್ಟರಲ್ಲಿ ನನ್ನ ತಲೆಯೇ ಗುಂಯ್ಗುಡುತ್ತಿತ್ತು.

ಮನೆ ಪಟ್ಟನಾಯಕನಹಳ್ಳಿ ಕಡೆಯ ಹಳ್ಳಿಯಲ್ಲಿ, ನಾನು ಪಾಠ ಮಾಡುವ ಹೈಸ್ಕೂಲು ಮಧುಗಿರಿಯಲ್ಲಿ. ಬಸ್ಸಾದರೆ ಶಿರಾದಲ್ಲಿ ಇಳಿದು ಇನ್ನೊಂದು ಹತ್ತಬೇಕು, ಮನೆ ಸೇರುವಾಗ ದೀಪ ಹಚ್ಚುವ ಹೊತ್ತೂ ಮೀರಿರುತ್ತದೆ. ಸದ್ದಿನ ವಿಷಯ ಬಾಯಿಬಿಟ್ಟಿದ್ದೇ ತಡ, ಮಾವ ಜಗಲಿಯಲ್ಲಿ ಕೂತೇ ತೀರ್ಪು ಕೊಟ್ಟರು. "ಹೆಂಗಸ್ರು ಗೇರು ಹಾಕದೇ ಅಂಗೆ ಕಣಮ್ಮ. ಒಂದು ತಿಂಗ್ಳು ನೋಡು. ಸರಿಯೋಗ್ದಿದ್ರೆ ಕಾರು ನಿನ್ ಮೈದ್ನ ಇಟ್ಕಳ್ಳಿ, ನೀನು ಬಸ್ಸಿಗೋಗು." ಮೈದುನ ಮೊಬೈಲಿನಿಂದ ತಲೆ ಎತ್ತದೆ ನಕ್ಕ. ನನ್ನ ಗಂಡ ಪೇಪರು ಓದುತ್ತಿದ್ದರು, ಓದುತ್ತಲೇ ಇದ್ದರು.

ಮಧುಗಿರಿಯ ಮೆಕ್ಯಾನಿಕ್ಕು ಎರಡು ಮಾತಿಗೊಮ್ಮೆ ಗುಟ್ಕಾ ಉಗಿಯುವವನು, ಅದೂ ನನ್ನ ಕಾರಿನ ಚಕ್ರದ ಬುಡಕ್ಕೇ. "ಸಾರ್‌ನ ಕಳ್ಸಿ ಮೇಡಂ, ಅವ್ರಿಗೆ ಅರ್ಥ ಮಾಡ್ಸ್ತೀನಿ" ಅಂದ. ಸಸ್ಪೆನ್ಷನ್ನಿನ ಬುಷ್ಷುಗಳನ್ನು ಬದಲಾಯಿಸಿದ, ಕಟಕಟ ನಿಂತಿತು. ಗೂಂ ನಿಲ್ಲಲಿಲ್ಲ. ಹಾಗಾದರೆ ಟೈರಿನದು ಅಂತ ಮುಂದಿನ ಚಕ್ರ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿದ. ಆಗಲೂ ಅದೇ ಗೂಂ.

ಕೊರಟಗೆರೆಯವನು ಬಾನೆಟ್ಟು ಎತ್ತುವ ಮೊದಲೇ, "ಯಾವನು ಮೇಡಂ ಇದ್ನ ಮುಟ್ಟಿದ್ದು?" ಅಂತ ಶುರು ಮಾಡಿದ. ಹಿಂದೆ ಕೈ ಹಾಕಿದವನನ್ನು ಬೈಯದೆ ಸ್ಪ್ಯಾನರ್ ಹಿಡಿಯುವ ಮೆಕ್ಯಾನಿಕ್ಕನ್ನು ನಾನು ಈ ನಾಲ್ಕು ತಾಲ್ಲೂಕಿನಲ್ಲಿ ಕಂಡಿಲ್ಲ. ಪೇಟೆಯ ಜನಜಂಗುಳಿಯಲ್ಲಿ ಇಪ್ಪತ್ತರ ಸ್ಪೀಡಿನಲ್ಲಿ ಒಂದು ಸುತ್ತು ಹೊಡೆದು, "ಎಲ್ಲೈತೆ ಸದ್ದು?" ಅಂದ. ಆಮೇಲೆ ನನ್ನ ಮೇಲೆ ಕರುಣೆ ಬಂತೇನೋ, "ಜೋರಾಗಿ ಹಾಡು ಹಾಕ್ಕಳಿ, ಕೇಳ್ಸಲ್ಲ" ಅಂತ ಸಲಹೆ ಕೊಟ್ಟ.

ಅಷ್ಟರಲ್ಲಿ ನನಗೇ ನನ್ನ ಮೇಲೆ ಅನುಮಾನ ಹುಟ್ಟಿತ್ತು. ಖಾಲಿ ರಸ್ತೆಯಲ್ಲಿ ಒಬ್ಬಳೇ ಕ್ಲಚ್ಚು ಒತ್ತಿ ಬಿಟ್ಟು, ಹೊಸಬರಂತೆ ಗೇರು ಹಾಕುವುದನ್ನು ಅಭ್ಯಾಸ ಮಾಡುತ್ತಿದ್ದೆ. ಅದನ್ನು ನೆನೆದರೆ ಈಗಲೂ ಹೇಸಿಗೆಯಾಗುತ್ತದೆ.

ಮಾವ ಕೊಟ್ಟ ತಿಂಗಳ ಗಡುವಿನ ಕೊನೆಯ ಶನಿವಾರ ಶಿರಾದಲ್ಲಿ ಒಬ್ಬ ಮುದುಕ ಸಾಬರ ಶೆಡ್ಡಿಗೆ ಹೋದೆ. ಅವರು ಕೀ ಕೇಳಲಿಲ್ಲ. "ನೀನೇ ಓಡ್ಸಮ್ಮ, ಅವಾಜು ನಿಂಗಲ್ವಾ ಗೊತ್ತು" ಅಂತ ಪಕ್ಕದಲ್ಲಿ ಕೂತರು. ಹೈವೇಯಲ್ಲಿ ಅರವತ್ತಕ್ಕೆ ತಂದಾಗ ಸ್ಟೇರಿಂಗನ್ನು ಮೆಲ್ಲಗೆ ಎಡಕ್ಕೆ, ಬಲಕ್ಕೆ ಎಳೆಯಲು ಹೇಳಿದರು. ಎಡಕ್ಕೆ ಎಳೆದರೆ ಗೂಂ ಜೋರಾಯಿತು, ಬಲಕ್ಕೆ ಎಳೆದರೆ ಇಳಿಯಿತು. "ಬಲಗಡೆ ಮುಂದಿನ್ದು" ಅಂದರು. ಶೆಡ್ಡಿನಲ್ಲಿ ಜಾಕು ಕೊಟ್ಟು ಆ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ, ಒಳಗಿನ ಸ್ಪ್ರಿಂಗಿನ ಮೇಲೆ ನನ್ನ ಕೈ ಇಡಿಸಿದರು. ರವೆ ಜರಡಿ ಹಿಡಿದಂತೆ ಸಣ್ಣಗೆ ನಡುಗುತ್ತಿತ್ತು. ಬೇರಿಂಗು ಹೋಗಿತ್ತು. ಒಂದು ತಿಂಗಳಲ್ಲಿ ನನ್ನ ಮಾತನ್ನು ನಂಬಿದ ಮೊದಲ ಮನುಷ್ಯ ಅವರು.

ಚಕ್ರ ಬಿಚ್ಚಿ ಸ್ಕ್ರೂಡ್ರೈವರಿನಿಂದ ಒಳಗಿಂದ ಏನನ್ನೋ ಎಳೆದರು. ಕರಿ ಗ್ರೀಸಿನಲ್ಲಿ ನೆಂದ, ನಾರುವ, ಹಗ್ಗದಂತೆ ಹೊಸೆದುಕೊಂಡ ಹುರುಳಿ ಬಳ್ಳಿ. ಎಳೆದಷ್ಟೂ ಬರುತ್ತಿತ್ತು. ಅದು ಸುತ್ತಿ ಸುತ್ತಿ ದೂಳು ತಡೆಯುವ ರಬ್ಬರು ಸೀಲು ಹರಿದು, ಬೇರಿಂಗಿಗೆ ದೂಳು ತುಂಬಿತ್ತು. "ಹುರುಳಿ ಮ್ಯಾಲೆ ಎಷ್ಟು ಸುತ್ತು ಹೊಡ್ದೆ?" ಅಂದರು.

ನಮ್ಮ ಕಡೆ ಹುರುಳಿ ಕಿತ್ತರೆ ಕಣ ಮಾಡುವುದಿಲ್ಲ, ಟಾರು ರೋಡಿಗೆ ಹರಡುತ್ತಾರೆ. ಹೋಗುವ ಬರುವ ಗಾಡಿಗಳೇ ತುಳಿದು ಒಕ್ಕಣೆ ಮಾಡಿಕೊಡಬೇಕು. ಗಾಡಿ ಕಡಿಮೆಯಿದ್ದರೆ ಮನೆಯದನ್ನೇ ಹಿಂದಕ್ಕೂ ಮುಂದಕ್ಕೂ ಓಡಿಸುತ್ತಾರೆ. ನಾನು ಓಡಿಸಿದವಳಲ್ಲ. ತವರಿನಲ್ಲಿದ್ದ ಆ ನಾಲ್ಕು ದಿನ ನನ್ನ ಕಾರು ಏನು ಮಾಡುತ್ತಿತ್ತು ಅಂತ ಶೆಡ್ಡಿನಲ್ಲಿ ನಿಂತೇ ತಿಳಿಯಿತು. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿದಂತೆ ಒಂದು ತಿಂಗಳು ನನ್ನ ಬಾಯಿಗೆ ಒರೆಸಿದ್ದರು.

ಹೊಸ ಬೇರಿಂಗು ಹಾಕಿಸಿ, ಆ ಗ್ರೀಸಿನ ಮುದ್ದೆಯನ್ನು ಕವರಿನಲ್ಲಿ ಕಟ್ಟಿಕೊಂಡು ಬಂದು ಜಗಲಿಯಲ್ಲಿ ಮಾವನ ಮುಂದೆ ಸುರಿದೆ. "ಇದು ಚಕ್ರದೊಳಗಿತ್ತು. ಯಾರು ಓಡಿಸಿದ್ದು?" ಅಂದೆ.

"ನಾನೇ ಯೋಳ್ದೆ. ನಿನ್ ಮೈದ್ನ ಒಂದಿಪ್ಪತ್ತು ಸುತ್ತು ಹೊಡ್ದ" ಅಂದರು ಮಾವ, ಮುಖದಲ್ಲಿ ನಾಚಿಕೆಯ ಗೆರೆಯೂ ಇಲ್ಲದೆ. ಆಮೇಲೆ ಮುದ್ದೆಯಿಂದ ಒಂದು ಕಾಯಿ ಹುಡುಕಿ ತೆಗೆದು, ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ ನೋಡಿದರು. "ಕಾಳು ಚೆನ್ನಾಗೈತೆ ಕಣಮ್ಮ. ಈಗ ಸದ್ದು ಬರಾಕಿಲ್ವಾ?"

"ಇಲ್ಲ."

"ಅಂಗಾದ್ರೆ ನಾಳೆ ಕಾರು ಇಲ್ಲೇ ಬುಟ್ಟಿರು. ಇನ್ನೊಂದು ಮೆದೆ ಹುರುಳಿ ಬಾಕಿ ಐತೆ."

ಗಂಡ ಪೇಪರಿನ ಹಾಳೆ ತಿರುಗಿಸಿದರು. ನನಗೆ ಅಲ್ಲಿ ಯಾರ ಮೇಲೂ ಮರ್ಯಾದೆ ಉಳಿದಿರಲಿಲ್ಲ. ಮಾರನೆಯ ದಿನ ಭಾನುವಾರ. ಬೆಳಿಗ್ಗೆ ಆರಕ್ಕೆಲ್ಲ ಕಾರು ತೆಗೆದುಕೊಂಡು ಮಧುಗಿರಿಗೆ ಹೋಗಿ, ಬೀಗ ಹಾಕಿದ್ದ ಸ್ಕೂಲಿನ ಗೇಟಿನ ಮುಂದೆ ಸಂಜೆಯವರೆಗೂ ಕಾರಿನೊಳಗೇ ಕೂತಿದ್ದೆ.